ಸೊಂಟಕ್ಕೆ ಕೈಯಿಟ್ಟ ಗೊಂಬೆ

ನನ್ನ ಓರಗಿತ್ತಿ ಸೀತಕ್ಕ ಅತ್ತೆಯ ಗೊಂಬೆಗಳ ಟ್ರಂಕನ್ನು ಪುರಸೈವಾಕ್ಕಂನ ತನ್ನ ಮನೆಗೆ ಸಾಗಿಸಿದ ದಿನದಿಂದ ನನ್ನ ಹೊಟ್ಟೆ ಉರಿಯುತ್ತಿತ್ತು. ಅತ್ತೆಯ ವರ್ಷಾಬ್ದಿಕ ಮುಗಿದಿತ್ತಷ್ಟೆ. "ಹಿರೀಸೊಸೆ ನಾನು ತಾನೆ?" ಎಂದಳು, ಟ್ರಂಕನ್ನು ಕೂಲಿಯ ತಲೆಗೆ ಹೊರಿಸಿದಳು, ರೈಲು ಹತ್ತಿದಳು. ನವರಾತ್ರಿಗೆ ಎಲ್ಲಕ್ಕಿಂತ ಮೊದಲು ಕೂರಿಸುವ ರಾಜ ರಾಣಿ, ಆ ಪಟ್ಟದ ಗೊಂಬೆಗಳೂ ಅದರಲ್ಲೇ ಹೋದವು. ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸಿದವಳು ನಾನು, ಗೊಂಬೆ ಮಾತ್ರ ಅವಳಿಗೆ! ಎಲ್ಲಿಯ ನ್ಯಾಯ ಇದು?

ಆ ವರ್ಷ ತಾಂಬರಂ ರೈಲ್ವೆ ಕ್ವಾರ್ಟರ್ಸಿನ ಮನೆಮನೆಯಲ್ಲೂ ಗೊಂಬೆ ಕೂತವು. ನಾನು ಬಾಗಿಲು ಹಾಕಿಕೊಂಡು ಕೂತೆ. ಮರುವರ್ಷ ಬೇಸಿಗೆ ಕಳೆಯುವ ಮೊದಲೇ ಮಗಳು ಬೇಬಿ ಶುರು ಮಾಡಿದಳು.

"ಈ ಸಲಾನೂ ನಮ್ಮನೇಲಿ ಗೊಂಬೆ ಇಲ್ಲ ಕಣೆ," ಎಂದೆ.

"ಅಮ್ಮಾ, ನೀಯೇ ಪಣ್ಣೇನ್," ಎಂದಳು. ಕನ್ನಡದಲ್ಲಿ ಮಾತಾಡಿಸಿದರೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ ಅದು.

"ನಾನೇ ಮಾಡಬೇಕಂತೆ! ಈ ಕೈಯಲ್ಲಿ ಉಪ್ಪಿಟ್ಟು ಬಿಟ್ಟರೆ ಇನ್ನೇನಾದರೂ ಆಗಿದೆಯೇನೆ?"

ಈಸಿಚೇರಿನಲ್ಲಿ ಒರಗಿದ್ದ ಮಾವ ಕಣ್ಣು ತೆರೆಯದೆ ಹೇಳಿದರು: "ಮಾಡದೆ ಹೇಗಮ್ಮ ಗೊತ್ತಾಗತ್ತೆ, ಆಗಲ್ಲ ಅಂತ?"

ನನಗೆ ಹೆದರಿಕೆಯಿತ್ತು, ಯಾಕೆ ಸುಳ್ಳು ಹೇಳಲಿ? ಮದುವೆಯಾಗಿ ಬಂದ ಹೊಸತರಲ್ಲಿ ಬಾಗಿಲ ಮುಂದೆ ರಂಗೋಲಿಯಲ್ಲಿ ನವಿಲು ಬಿಡಿಸಿದ್ದೆ. ನೆಂಟರೆಲ್ಲ ಸೇರಿದ್ದರು. ಸೀತಕ್ಕ ಬಗ್ಗಿ ನೋಡಿ, "ಯಾವ ಕೋಳಿ ಕೆದಕಿಹೋಯ್ತೋ!" ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ನಾನು ಬಾಗಿಲಿಗೆ ನಾಲ್ಕು ಗೆರೆ ಎಳೆದು ಕೈತೊಳೆದುಕೊಂಡು ಒಳಗೆ ಬರುತ್ತಿದ್ದೆ.

ನಮ್ಮವರು ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರು, ಮಾತು ಕಡಿಮೆ. ಮರುದಿನ ಸಂಜೆ ಒಂದು ಹೊರೆ ಹಳೇ ಟೈಮ್ ಟೇಬಲ್ ತಂದು ಅಡಿಗೆಮನೆ ಬಾಗಿಲಲ್ಲಿ ದೊಪ್ಪನೆ ಹಾಕಿದರು.

"ಇದೇನ್ರೀ ಕಸ?"

"ನಿಮ್ಮಮ್ಮ ಕಾಗದ ನೆನೆಸಿ ರುಬ್ಬಿ ಮೊರಕ್ಕೆ ಮೆತ್ತುತಿದ್ರಲ್ಲ, ಹಾಗೇ ಗೊಂಬೆ ಮಾಡು," ಎಂದು ಕಾಲು ತೊಳೆಯಲು ಹೋದರು.

ನೆನೆಸಿದೆ, ಒರಳಲ್ಲಿ ಹಾಕಿ ರುಬ್ಬಿದೆ. ಅಮ್ಮ ಮೆಂತ್ಯ ಹಾಕುತ್ತಿದ್ದದ್ದು ಮರೆತು ಮೈದಾ ಗಂಜಿ ಸುರಿದೆ. ಅಂತೂ ಒಬ್ಬ ಪೋರ್ಟರು ಎದ್ದು ನಿಂತ. ಬೆಳಿಗ್ಗೆ ನೋಡಿದರೆ ಇಲಿ ಅವನ ತಲೆಯನ್ನೇ ತಿಂದುಹಾಕಿತ್ತು. ನನಗೆ ಬಂದ ಸಿಟ್ಟು! ಮುಂಡವನ್ನು ಎತ್ತಿ ಹಿತ್ತಿಲಿಗೆ ಬೀಸಿದೆ. "ಸಾಕಪ್ಪಾ ಸಾಕು! ನಿಮ್ಮೆಲ್ಲರ ಮಾತು ಕೇಳಿ ನಾನು ಮಂಗ ಆದೆ!"

"ಇಲಿ ತಿಂದಿದ್ದು ಗೊಂಬೆ ತಲೇನ, ನಿನ್ನ ಕೈಯನ್ನಲ್ಲ!" ಮಾವ ಗುಡುಗಿದರು. ಅತ್ತೆ ಹೋದಮೇಲೆ ಅವರು ದನಿ ಎತ್ತಿದ್ದು ಅದೇ ಮೊದಲು. "ಮೆಂತ್ಯ ಹಾಕಿ ರುಬ್ಬು. ಕಹಿಯಾದರೆ ಯಾವ ಇಲೀನೂ ಮುಟ್ಟಲ್ಲ. ಏಳು!"

ಹಲ್ಲು ಕಚ್ಚಿಕೊಂಡು ಎದ್ದೆ. ಪೋರ್ಟರು ಮತ್ತೆ ಬಂದ. ಹಿಂದೆಯೇ ಮಜ್ಜಿಗೆ ಮಾರುವವಳು ಬಂದಳು, ಬೆಂಚಿನ ಮೇಲೆ ತೂಕಡಿಸುವ ಟಿಕೆಟ್ ಕಲೆಕ್ಟರ್ ಬಂದ. ಬೇಬಿ ಬಣ್ಣ ಕಲಸಿಕೊಟ್ಟಳು. ಮಧ್ಯಾಹ್ನ ಕೆಲಸ ಮುಗಿಸಿ ಹಿತ್ತಿಲ ಜಗಲಿಯಲ್ಲಿ ಕೂತರೆ ಕಾಫಿಯ ಹೊತ್ತು ಮೀರಿದ್ದೂ ತಿಳಿಯುತ್ತಿರಲಿಲ್ಲ. ಸುಖವಾಗಿತ್ತು.

ಆ ಸುಖಕ್ಕೆ ಮಾವನೇ ಕಲ್ಲು ಹಾಕಿದರು. ನನ್ನನ್ನು ಒಂದು ಮಾತು ಕೇಳದೆ ಪುರಸೈವಾಕ್ಕಂಗೆ ಹೋಗಿ, ನವರಾತ್ರಿಗೆ ನಮ್ಮ ಮನೆಗೆ ಬಾ ಎಂದು ಸೀತಕ್ಕನನ್ನು ಕರೆದು ಬಂದರು.

"ನಾಲ್ಕು ಜನರ ಮುಂದೆ ನನ್ನನ್ನ ನಗೆಪಾಟಲು ಮಾಡಬೇಕು ಅಂತಾನೇ ಇದ್ದೀರಾ ಮಾವ? ನಾನು ಗೊಂಬೆ ಕೂರಿಸೋದೇ ಇಲ್ಲ!"

"ನಗೋರು ನಗಲಿ. ನೀನು ಬಾಗಿಲು ತೆಗಿ, ಅಷ್ಟೆ."

ಸರಿ, ಬರಲಿ! ಆ ಸಿಟ್ಟಿನಲ್ಲೇ ಕೂತು ಅವಳ ಗೊಂಬೆ ಮಾಡತೊಡಗಿದೆ. ಸೊಂಟಕ್ಕೆ ಕೈ, ಗಂಟಿಕ್ಕಿದ ಹುಬ್ಬು, ಒಂದು ಕಡೆ ಸೊಟ್ಟಗಾದ ತುಟಿ, ಕೋಳಿ ಕೆದಕಿಹೋಯ್ತು ಅಂದಾಗ ಹೇಗಿದ್ದಳೋ ಹಾಗೆ. ಎದುರಿಗೆ ಅವಳಿಲ್ಲವಲ್ಲ, ಅದಕ್ಕೆ ನಮ್ಮವರ ಕ್ಷೌರದ ಕನ್ನಡಿ ಇಟ್ಟುಕೊಂಡು ಅವಳ ಹಾಗೆ ಮುಖ ಮಾಡಿ ನೋಡಿ ನೋಡಿ ತಿದ್ದಿದೆ. ಮಾವ ಇಣುಕಿ ನೋಡಿ ಮೀಸೆಯಲ್ಲೇ ನಕ್ಕು ಹೋದರು. ಅವರಿಗೂ ಸೊಸೆಯ ಗುರುತು ಸಿಕ್ಕಿತು ಅಂದುಕೊಂಡೆ.

ಹಬ್ಬದ ಸಂಜೆ ಕ್ವಾರ್ಟರ್ಸಿನ ಹೆಂಗಸರೆಲ್ಲ ಬಂದರು. ಸೀತಕ್ಕ ಜರಿಸೀರೆ ಸರಿಪಡಿಸಿಕೊಳ್ಳುತ್ತಾ ಒಳಗೆ ಬಂದಳು. ಗೊಂಬೆ ಕೂರಿಸಿದ ಮೆಟ್ಟಿಲುಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ಪೋರ್ಟರನ್ನು ನೋಡಿದಳು, ತೂಕಡಿಸುವ ಕಲೆಕ್ಟರನ್ನು ನೋಡಿದಳು. ಆ ಗೊಂಬೆಯ ಮುಂದೆ ನಿಂತಳು. ಈಗ ಗೊತ್ತಾಗತ್ತೆ ನಿನಗೆ ಎಂದು ಒಂದು ಕೈಯಲ್ಲಿ ಉಸಲಿ ತಟ್ಟೆ ಹಿಡಿದು ಇನ್ನೊಂದನ್ನು ಸೊಂಟಕ್ಕೆ ಕೊಟ್ಟು ಕಾದೆ.

ಸೀತಕ್ಕ ನನ್ನ ಕಡೆ ತಿರುಗಿದಳು. ಮತ್ತೆ ಗೊಂಬೆಯ ಕಡೆ ತಿರುಗಿದಳು.

"ಅಯ್ಯೋ ವಾಸಂತೀ, ಇದು ನೀನೇ ಕಣೇ!"

ಪಕ್ಕದ ಮನೆ ಮಾಮಿ ಕೆನ್ನೆಗೆ ಕೈಯಿಟ್ಟುಕೊಂಡು, "ಅಚ್ಚು ನೀಂಗಳೇದಾನ್!" ಎಂದರು. ಇಡೀ ಮನೆ ಗೊಳ್ಳೆಂದಿತು. ನಮ್ಮವರು ಕೂಡ ನಕ್ಕರು, ಆ ಮೌನಗೌರಿ! ಬೇಬಿಯಂತೂ ನೆಲದ ಮೇಲೆ ಉರುಳಾಡಿದಳು. ನಾನು ಸೊಂಟದ ಮೇಲಿನ ಕೈಯನ್ನು ಸರಕ್ಕನೆ ಇಳಿಸಿದೆ.

"ನಿಮಗೆ ಮೊದಲೇ ಗೊತ್ತಿತ್ತಾ?" ಮಾವನನ್ನು ಕೇಳಿದೆ.

"ಹೇಳಿದ್ದರೆ ನೀನು ಮುರಿದು ಹಾಕ್ತಿದ್ದೆ," ಎಂದರು ಕಣ್ಣೊರೆಸಿಕೊಳ್ಳುತ್ತಾ.

ಸೀತಕ್ಕ ಮಾತ್ರ ನಗು ನಿಲ್ಲಿಸಿ ಆ ಗೊಂಬೆಯನ್ನು ಕೈಗೆತ್ತಿಕೊಂಡಿದ್ದಳು. ಹುಬ್ಬಿನ ಮೇಲೆ ಬೆರಳಾಡಿಸಿ ನೋಡಿದಳು. "ಇದನ್ನ ನನಗೆ ಕೊಡೇ. ಅತ್ತೆಯ ಪಟ್ಟದ ಗೊಂಬೆ ನೀನೇ ಇಟ್ಟುಕೋ, ನಾಳೆನೇ ಕಳಿಸ್ತೀನಿ," ಎಂದಳು. ಹಾಸ್ಯಕ್ಕಲ್ಲ, ನಿಜವಾಗಿಯೇ ಕೇಳುತ್ತಿದ್ದಳು.

ಆ ಜೋಡಿಗಾಗಿ ನಾನು ಎಷ್ಟು ಉರಿದಿದ್ದೆ! ಎಷ್ಟು ಶಾಪ ಹಾಕಿದ್ದೆ! ಮನೆಯವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.

"ಕೊಡಲ್ಲ," ಎಂದೆ. ಗೊಂಬೆಯನ್ನು ಅವಳ ಕೈಯಿಂದ ಕಿತ್ತುಕೊಂಡು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ, ರಾಜ ರಾಣಿಯ ಜಾಗದಲ್ಲಿ ಕೂರಿಸಿದೆ. "ಅದನ್ನ ನಾನು ಮಾಡಿದ್ದೇ ನೀವು ಅಂತ! ನಾಳೆ ಬನ್ನಿ ಅಕ್ಕ, ಬಂದು ಎದುರಿಗೆ ಕೂತ್ಕೊಳ್ಳಿ. ಈ ಸಲ ಕನ್ನಡಿ ನೋಡಲ್ಲ, ನಿಮ್ಮ ಮುಖಾನೇ ನೋಡಿ ಮಾಡ್ತೀನಿ."

ಸೀತಕ್ಕನ ಹುಬ್ಬು ಗಂಟಿಕ್ಕಿತು, ತುಟಿ ಒಂದು ಕಡೆ ಸೊಟ್ಟಗಾಯಿತು.

"ಹಾಗೇ ಇರಿ!" ಎಂದೆ. "ಬೇಬೀ, ಕಾಗದ ನೆನೆಹಾಕೇ!"