ಫಿಯಾಟಿನ ಎಳೆಗಳು

ಗುಜರಿಯವನು ತಾಡಪತ್ರಿಯನ್ನು ಅರ್ಧ ಸರಿಸಿ ಗಾಡಿಯ ಬಾನೆಟ್ಟನ್ನು ಬೆರಳಿನಿಂದ ಬಡಿದು ನೋಡುತ್ತಿದ್ದ. ಪ್ರೀತಿ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಹುನಗುಂದದ ಕಾಲೇಜಿಗೆ ಕೆಲಸಕ್ಕೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಷ್ಟರೊಳಗೆ ಇದೊಂದು ಮುಗಿಯಲಿ ಎಂದು ಅವಳೇ ಅವನನ್ನು ಕರೆಸಿದ್ದಳು.

"ಹಳೇ ಫಿಯಾಟ್, ತಗಡ ಗಟ್ಟಿ ಐತ್ರಿ ಬಾಯಾರ. ಆದ್ರ ಗಾಲಿ ತಿರಗವಲ್ಲವು. ಇಲ್ಲೇ ತುಂಡ ಮಾಡಿ ಒಯ್ಯಬೇಕು."

ಒಳಗೆ ಕುಣಿಮಗ್ಗದ ಸಪ್ಪಳ ನಿಂತಿತು. ಅತ್ತೆ ಕಾಳವ್ವ ಹೊರಗೆ ಬಂದಳು. ಕೂದಲ ಮೇಲೆ ನೂಲಿನ ಧೂಳು, ಕೈಯಲ್ಲಿ ಲಾಳಿ.

"ಯಾರನ್ನ ತುಂಡ ಮಾಡ್ತಿಯೋ?"

"ಗಾಡಿನ್ರಿ, ಅವ್ವಾರ."

"ಬ್ಯಾಡ. ಮುಂದಿನ ತಿಂಗಳ ಬಾಜೂಮನಿ ಆಫ್ರೀನ ಲಗ್ನಕ್ಕ ಇದರಾಗ ಬಾದಾಮಿಗೆ ಹೋಗ್ತಾಳ."

"ಇದು ಎಲ್ಲಿಗೂ ಹೋಗೂದಿಲ್ರಿ."

"ಹಂಗಾರ ಮದಲ ನೀ ಹೋಗು."

ಅವನು ಪ್ರೀತಿಯ ಮುಖ ನೋಡಿದ. ಪ್ರೀತಿ ತಾಡಪತ್ರಿಯನ್ನು ಮತ್ತೆ ಎಳೆದು ಮುಚ್ಚಿ, ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದಳು.

ಆ ಗಾಡಿಯನ್ನು ಕಾಳವ್ವನ ಗಂಡ ಶಿವಸಂಗಪ್ಪ ಹಳೇ ಬಾಗಲಕೋಟೆಯ ಸೀರೆ ವ್ಯಾಪಾರಿಯೊಬ್ಬರಿಂದ ಕೊಂಡಿದ್ದ. ಅಣೆಕಟ್ಟಿನ ಮುಳುಗಡೆಯ ನೀರು ಬರುವ ಮೊದಲು ಮನೆ ಖಾಲಿ ಮಾಡುವಾಗ ಅವರು ಬಿಟ್ಟುಕೊಟ್ಟ ಗಾಡಿ. ಅಂದಿನಿಂದ ಇಳಕಲ್ಲಿನ ಆ ಓಣಿಯ ಮದುವಣಗಿತ್ತಿಯರೆಲ್ಲ, ನೇಕಾರರ ಮನೆಯವರಿರಲಿ ಮುಸಲ್ಮಾನರ ಮನೆಯವರಿರಲಿ, ಅದರಲ್ಲೇ ಕೂತು ಗಂಡನ ಊರಿಗೆ ಹೋಗಿದ್ದರು. ಬೇರೆ ಗಾಡಿ ಸಿಗುತ್ತಿರಲಿಲ್ಲ ಎಂದಲ್ಲ, ಹಾಗೆ ನಡೆದುಬಂದಿತ್ತು. ಶಿವಸಂಗಪ್ಪ ಹೋದ ಮೇಲೆ ಮಗ, ಪ್ರೀತಿಯ ಗಂಡ ಸೋಮಲಿಂಗ ಹೊಡೆಯುತ್ತಿದ್ದ. ಪಕ್ಕದ ಮನೆಯ ಆಫ್ರೀನಳನ್ನು ಸಾಲೆಗೆ ಬಿಡುವಾಗಲೆಲ್ಲ, "ನಿನ್ನ ಗಂಡನ ಮನಿಗಿನೂ ನಾನs ಬಿಡಾಂವ" ಎಂದು ಅವಳನ್ನು ಕಾಡುತ್ತಿದ್ದ. ಜ್ವರ ತಲೆಗೇರಿದ ದಿನ ಅವನನ್ನು ಬಾಗಲಕೋಟೆಯ ದವಾಖಾನೆಗೆ ಒಯ್ದದ್ದೂ ಅದೇ ಗಾಡಿ. ಅವನು ತಿರುಗಿ ಬಂದದ್ದು ಬೇರೆ ಗಾಡಿಯಲ್ಲಿ. ಫಿಯಾಟನ್ನು ಯಾರೋ ತಂದು ಹಿತ್ತಿಲಲ್ಲಿ ನಿಲ್ಲಿಸಿದರು. ಪ್ರೀತಿ ಕೀಲಿಯನ್ನು ಅಡುಗೆಮನೆಯ ನಾಗೊಂದಿಗೆಯ ಮೇಲೆ, ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು. ಆಮೇಲೆ ವರ್ಷಗಳು ಹೋದವು, ಗಾಡಿಯ ಸುದ್ದಿಯನ್ನು ಯಾರೂ ತೆಗೆಯಲಿಲ್ಲ.

ಸಂಜೆ ಅವಳು ತಿರುಗಿ ಬಂದಾಗ ತಾಡಪತ್ರಿ ಮಡಚಿಕೊಂಡು ಗೋಡೆಯ ಮೇಲಿತ್ತು. ಬಾನೆಟ್ಟು ತೆರೆದಿತ್ತು. ಆಫ್ರೀನಳ ತಂದೆ ರಾಜಮಹ್ಮದ ಎಂಜಿನ್ನಿನ ಮೇಲೆ ಬಗ್ಗಿದ್ದ. ಬಸ್ ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ನಡೆಸಿದವನು; ಕಣ್ಣಿಗೆ ಪೊರೆ ಬಂದ ಮೇಲೆ ಮುಚ್ಚಿದ್ದ. ಇಷ್ಟು ದಿನ ಗೋಡೆಯಾಚೆಯಿಂದ ಈ ಗಾಡಿಯನ್ನು ನೋಡುತ್ತಲೇ ಇದ್ದರೂ ಒಂದು ಮಾತು ಕೇಳಿರಲಿಲ್ಲ. ಇಂದು ಕಾಳವ್ವನೇ ಹೋಗಿ ಕರೆದಿದ್ದಳು.

"ಪ್ಲಗ್ ತಗದು ಒಂಚೂರು ಎಣ್ಣಿ ಬಿಟ್ಟೇನಿ," ಎಂದ ರಾಜಮಹ್ಮದ, ಪ್ರೀತಿಯ ಹೆಜ್ಜೆಯ ಸಪ್ಪಳಕ್ಕೆ. "ನಾಳೆ ಮುಂಜಾನೆ ಕೈಲೇ ತಿರಗಿಸಿ ನೋಡೂಣು. ತಿರಗಿದ್ರ ಜೀವ ಐತಿ. ಇಲ್ಲಂದ್ರ ಗುಜರಿಯವಂಗ ನಾನs ಹೇಳಿ ಕಳಸ್ತೇನವಾ."

ಪ್ರೀತಿ ಒಳಗೆ ಹೋಗಿ ಚಹಾಕ್ಕಿಟ್ಟಳು.

ಮರುದಿನ ಅವನು ಫ್ಯಾನಿನ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದು ಎಳೆದ. ಎಂಜಿನ್ನು ಅಲುಗಲಿಲ್ಲ. ಉಸಿರು ಬಿಟ್ಟು ಮತ್ತೆ ಎಳೆದ. ಒಳಗೆಲ್ಲೋ ಮೆತ್ತಗಿನ ಸಪ್ಪಳವೊಂದು ಆಯಿತು. ಫ್ಯಾನು ಒಂದು ಗೇಣು ತಿರುಗಿತು.

"ಕಾಳಕ್ಕಾ, ಐತಿ."

"ಇರಲಾರದ ಎಲ್ಲಿ ಹೋಗ್ತೈತಿ," ಎಂದಳು ಕಾಳವ್ವ ಮಗ್ಗದ ಕುಣಿಯಿಂದಲೇ. ಲಾಳಿ ಮಾತ್ರ ಆ ಕ್ಷಣ ನಿಂತಿತ್ತು.

ಮುಂದಿನ ಕೆಲಸ ನಿಧಾನಕ್ಕೆ ಸಾಗಿತು. ಟ್ಯಾಂಕಿನ ಪೆಟ್ರೋಲು ಅಂಟಾಗಿ ವಾರ್ನಿಶಿನ ವಾಸನೆ ಬರುತ್ತಿತ್ತು. ರಾಜಮಹ್ಮದ ಅದನ್ನು ಚೆಲ್ಲಿ, ಟ್ಯಾಂಕು ತೊಳೆದು, ಕಾರ್ಬೋರೇಟರನ್ನು ಬಿಚ್ಚಿ ಒಂದೊಂದು ತೂತನ್ನೂ ಬಾಯಿಂದ ಊದಿದ. ಕಾಣದ್ದನ್ನು ಬೆರಳಿನಿಂದ ನೋಡುತ್ತಿದ್ದ. ಕಳಚಿದ ನಟ್ಟುಗಳನ್ನು ಕಾಳವ್ವನ ಅವಲಕ್ಕಿ ತಟ್ಟೆಯಲ್ಲಿ ಸಾಲಾಗಿ ಇಡುತ್ತಿದ್ದ. ತಟ್ಟೆಗೆ ಯಾರಾದರೂ ಕೈ ತಾಗಿಸಿದರೆ ರೇಗುತ್ತಿದ್ದ. ಆಫ್ರೀನಳ ತಾಯಿ ಶಮಶಾದಬಿ ಗೋಡೆಯಾಚೆಯಿಂದ, "ಮಗಳ ಲಗ್ನದ ಕೆಲಸ ಗುಡ್ಡದಷ್ಟ ಬಿದ್ದೈತಿ, ಇವರು ಇಲ್ಲಿ ಆಟಾ ಆಡಕತ್ಯಾರ," ಎಂದು ಬೈಯುತ್ತಲೇ ಊಟದ ಡಬ್ಬಿ ದಾಟಿಸುತ್ತಿದ್ದಳು.

ಬ್ರೇಕಿನ ಪೈಪಿನಿಂದ ಗಾಳಿ ತೆಗೆಯುವ ದಿನ ಒಳಗೆ ಕೂತು ಪೆಡಲ್ ಒತ್ತಲು ಒಬ್ಬರು ಬೇಕಾದರು. ಕಾಳವ್ವ ಪ್ರೀತಿಯ ಕಡೆ ನೋಡಿದಳು. ಪ್ರೀತಿ ಬಾಗಿಲು ತೆರೆದು ಕೂತಳು. ಸೀಟು ಹಿಂದಕ್ಕಿತ್ತು, ಸೋಮಲಿಂಗನ ಉದ್ದ ಕಾಲಿಗೆ ತಕ್ಕಂತೆ. ಪಾದ ಪೆಡಲಿಗೆ ಸರಿಯಾಗಿ ಮುಟ್ಟಲಿಲ್ಲ. ಸೀಟಿನ ಕೆಳಗಿನ ಹಿಡಿ ಎಳೆದರೆ ಮುಂದೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಎಳೆಯಲಿಲ್ಲ. ಸೀಟಿನ ಅಂಚಿಗೆ ಜಾರಿ ಕೂತು ತುದಿಗಾಲಿನಿಂದ ಒತ್ತಿದಳು.

"ಒತ್ತವಾ. ಹಿಡಿ. ಬಿಡು," ಎಂದು ಗಾಡಿಯ ಕೆಳಗಿನಿಂದ ರಾಜಮಹ್ಮದ ಹೇಳುತ್ತಿದ್ದ. ಅವಳು ಒತ್ತುತ್ತ, ಹಿಡಿಯುತ್ತ, ಬಿಡುತ್ತ ಕೂತಳು. ಮಧ್ಯಾಹ್ನ ಕಳೆಯಿತು.

ಆದರೆ ದೊಡ್ಡ ಕಂಟಕ ವಾಯರಿನದು. ಇಲಿಗಳು ಡ್ಯಾಶ್‌ಬೋರ್ಡಿನ ಕೆಳಗೆ ಗೂಡು ಮಾಡಿ ವಾಯರಿನ ಕಟ್ಟನ್ನು ನಡುವೆಯೇ ಕಡಿದುಹಾಕಿದ್ದವು. ಎರಡೂ ಕಡೆ ತುಂಡಾದ ತುದಿಗಳು ಗೊಂಚಲಾಗಿ ಜೋತಿದ್ದವು. ಎಲೆಕ್ಟ್ರಿಶಿಯನ್ ಒಬ್ಬ ಬಂದು ನೋಡಿ, ಇದಕ್ಕೆ ಹೊಸ ಕಟ್ಟು ಎಲ್ಲಿಯೂ ಸಿಗುವುದಿಲ್ಲ ಎಂದು ಹೇಳಿ ಹೋದ.

ರಾಜಮಹ್ಮದ ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕೂತ. "ನನ್ನ ಕಣ್ಣ ಇದ್ದಿದ್ರ ಒಂದ ದಿನದ ಕೆಲಸ," ಎಂದ. "ಆಫ್ರೀನಗ ನಾ ಹೇಳ್ತೇನಿ ಬಿಡು. ಅಕಿ ತಿಳಕೊಂತಾಳ."

ಕಾಳವ್ವ ಬಗ್ಗಿ ವಾಯರುಗಳನ್ನು ನೋಡುತ್ತಿದ್ದಳು. "ಇಷ್ಟs? ಒಂದ ಸೀರಿ ಹಾಸಿನ್ಯಾಗ ಎಷ್ಟ ಎಳಿ ಇರ್ತಾವಂತ ಗೊತ್ತೈತೇನ ನಿನಗ? ಹಳೇ ಹಾಸು ಮುಗದ ಮ್ಯಾಲ ಹೊಸಾ ಹಾಸಿನ ಎಳಿ ಒಂದೊಂದs ಹೊಸದು ಕೂಡಸ್ತೇನಿ. ಇದೇನ ಮಹಾ."

"ಇದು ನೂಲಲ್ಲ ಕಾಳಕ್ಕ."

"ತುಂಡಾಗೈತಿ ಹೌದಲ್ಲ? ಕೂಡಸೂದು."

ಮರುದಿನ ಶುಕ್ರವಾರ. ರಾಜಮಹ್ಮದ ನಮಾಜಿಗೆ ಹೋದಾಗ ಕಾಳವ್ವ ಕನ್ನಡಕ ಹಾಕಿಕೊಂಡು, ಮುಂದಿನ ಸೀಟು ತೆಗೆಸಿ, ಮಗ್ಗಕ್ಕೆ ಕೂತಂತೆ ಕಾಲು ಇಳಿಬಿಟ್ಟು ಗಾಡಿಯೊಳಗೆ ಕೂತಳು. ಪ್ರೀತಿ ಟಾರ್ಚು ಹಿಡಿದಳು. ಕಾಳವ್ವ ಎರಡೂ ಕಡೆಯ ತುದಿಗಳನ್ನು ಬಿದಿರು ಸೀಳಿನ ಮೇಲೆ ಮಗ್ಗದ ಹಾಸಿನ ಉದ್ದೆಳೆಗಳಂತೆ ಹರವಿದಳು. ಬೆರಳಿಗೆ ಬೂದಿ ಹಚ್ಚಿಕೊಂಡು ತಾಮ್ರದ ಎಳೆಗಳನ್ನು ಬಿಡಿಸಿ, ಒಂದರ ಮೇಲೊಂದು ಇಟ್ಟು, ಹೆಬ್ಬೆರಳಿನಿಂದ ಒಮ್ಮೆ ಹೊಸೆದಳು. ಗಂಟು ಎಲ್ಲಿದೆ ಎಂದು ಕಾಣುತ್ತಿರಲಿಲ್ಲ. ಪ್ರೀತಿ ಅತ್ತೆಯ ಬೆರಳುಗಳನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಮಗನ ತಿಥಿಯ ದಿನಗಳು ಮುಗಿದ ಮರುದಿನವೇ ಕಾಳವ್ವ ಮಗ್ಗಕ್ಕೆ ಇಳಿದಿದ್ದಳು. ಆಗ ಪ್ರೀತಿಗೆ ಅದು ಕಲ್ಲೆದೆ ಅನ್ನಿಸಿತ್ತು. ಈಗ ಟಾರ್ಚಿನ ಬೆಳಕಿನಲ್ಲಿ ಆ ಬೆರಳುಗಳು ತಡವರಿಸದೆ ಮುಂದಿನ ಎಳೆಗೆ ಹೋಗುತ್ತಿದ್ದವು.

ಮುಗಿದಾಗ ಬಿಸಿಲು ಇಳಿದಿತ್ತು. ಸೀಟನ್ನು ಮತ್ತೆ ಮೊದಲಿದ್ದಲ್ಲೇ ಕೂಡಿಸಿದರು. ಪ್ರೀತಿ ಹಿಟ್ಟಿನ ಡಬ್ಬಿಯ ಹಿಂದಿನಿಂದ ಕೀಲಿ ತಂದಳು. ರಾಜಮಹ್ಮದ ಬಂದು ಹೊಸ ಬ್ಯಾಟರಿ ಜೋಡಿಸಿ, ಪ್ರೀತಿಯನ್ನು ಒಳಗೆ ಕೂಡಿಸಿದ.

"ಬ್ರೇಕ್ ಒತ್ತವಾ. ಹಿಂದಿನ ದೀಪ ಹತ್ತಿತೇನ ನೋಡು ಕಾಳಕ್ಕ."

ಪ್ರೀತಿ ಬ್ರೇಕ್ ಒತ್ತಿದಳು. ಹಾರ್ನು ಕೂಗಿತು. ಗೋಡೆಯಾಚೆ ಶಮಶಾದಬಿಯ ಕೋಳಿಗಳು ಚೆದುರಿ ಓಡಿದವು. ಎಡಗಡೆಯ ಸಿಗ್ನಲ್ ಹಾಕಿದಳು. ವೈಪರು ಧೂಳಿನ ಗಾಜಿನ ಮೇಲೆ ಎದ್ದು ನಿಂತಿತು.

ರಾಜಮಹ್ಮದ ಕಾಳವ್ವನ ಕಡೆ ತಿರುಗಿದ. "ಕಾಳಕ್ಕಾ, ಬಣ್ಣ ನೋಡಿ ಕೂಡಿಸಿದೇನ?"

"ಬಣ್ಣ ಯಾಕ? ದಡಿಯಿಂದ ದಡಿತನಕ ಸಾಲ ಹಿಡದು ಕೂಡಿಸೇನಿ. ಎಳಿ ಮ್ಯಾಲ ಎಳಿ ದಾಟಬಾರದು."

"ಖರೆ ಐತಿ. ನೀ ಸೀರಿ ಕೂಡಿಸಿದಿ. ನಾ ಗಾಡಿ ಕೇಳಿದ್ದೆ."

ಅವನು ಕಟ್ಟೆ ಹಿಡಿದುಕೊಂಡು ನಗತೊಡಗಿದ. ಕಾಳವ್ವ ಮುಖ ಗಂಟಿಕ್ಕಿಕೊಂಡು ನಿಂತವಳು ಕೊನೆಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಳಗೆ ಕೂತ ಪ್ರೀತಿ ಬ್ರೇಕನ್ನು ಇನ್ನೊಮ್ಮೆ ಒತ್ತಿದಳು. ಯಾರೂ ಒತ್ತು ಎಂದಿರಲಿಲ್ಲ.

ಎಲ್ಲವನ್ನೂ ಬಿಚ್ಚಿದರು. ಈ ಸಲ ಪ್ರೀತಿ ಒಂದೊಂದು ವಾಯರನ್ನೂ ಸೀಮೆಎಣ್ಣೆಯ ಅರಿವೆಯಿಂದ ಒರೆಸಿ ಬಣ್ಣ ಹೇಳಿದಳು. ಕಾಳವ್ವ ಒಂದನ್ನು ಇನ್ನೊಂದರ ಮೇಲೆ ದಾಟಿಸಿ, ಕೂಡಿಸಿ, ಟೇಪು ಸುತ್ತುತ್ತ ಹೋದಳು. ಪ್ರತಿ ಸಲ ದಾಟಿಸುವಾಗಲೂ ಅವಳ ಕೈ ಅರೆಕ್ಷಣ ತಡೆಯುತ್ತಿತ್ತು. ತಡೆದು, ದಾಟಿಸುತ್ತಿತ್ತು.

ಮುಂದಿನ ಸಲ ಎಲ್ಲ ದೀಪಗಳೂ ಸರಿಯಾಗಿ ಹತ್ತಿದವು. ಎಡಗಡೆಯ ಸಿಗ್ನಲ್ ಹಾಕಿದಾಗ ಮಾತ್ರ ದೀಪದ ಜೊತೆ ವೈಪರೂ ಎದ್ದಿತು.

"ಬಿಚ್ಚಲೇನ?" ಎಂದಳು ಕಾಳವ್ವ.

"ಇರಲಿ ಬಿಡು. ದೃಷ್ಟಿಬೊಟ್ಟು," ಎಂದ ರಾಜಮಹ್ಮದ.

ಎಂಜಿನ್ನು ಹೊತ್ತಿದ ಸಂಜೆ ಓಣಿಯವರೆಲ್ಲ ಬಂದು ನಿಂತರು. ಹೊಗೆ ಮೊದಲು ಕರಿದಾಗಿ, ಆಮೇಲೆ ಬೆಳ್ಳಗೆ ಬಂದು ತಿಳಿಯಾಯಿತು. ರಾಜಮಹ್ಮದ ಕಣ್ಣು ಮುಚ್ಚಿ ಕಿವಿಗೊಟ್ಟು ಒಂದು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದ. ಸಪ್ಪಳ ಒಂದೇ ಸಮನಾಯಿತು. ಆಫ್ರೀನಳಿಗೆ ಉಡುಗೊರೆ ಕೊಡಬೇಕೆಂದು ಕಾಳವ್ವ ಮಗ್ಗಕ್ಕೆ ಹಾಕಿದ್ದ ಸೀರೆ ಮಾತ್ರ ಅರ್ಧಕ್ಕೇ ನಿಂತಿತ್ತು.

ನಿಕಾ ಬಾದಾಮಿಯಲ್ಲಿತ್ತು. ಆ ದಿನ ಬೆಳಿಗ್ಗೆ ದಿಬ್ಬಣದ ಬಸ್ಸು ಮುಂದೆ ಹೋಯಿತು. ಫಿಯಾಟಿಗೆ ಮಲ್ಲಿಗೆ ಸರ ಕಟ್ಟಿದ್ದರು. ಗಾಡಿ ಹೊಡೆಯಲು ರಾಜಮಹ್ಮದನ ತಂಗಿಯ ಮಗ ಅರ್ಷದ ಬಾಗಲಕೋಟೆಯಿಂದ ಬಂದಿದ್ದ. ಹಿಂದಿನ ಸೀಟಿನಲ್ಲಿ ಆಫ್ರೀನ ಮತ್ತು ಶಮಶಾದಬಿ. ಓಣಿಯ ಹೆಂಗಸರು ಗಾಡಿಯ ಸುತ್ತ ನಿಂತಿದ್ದರು. ಪ್ರೀತಿ ಮನೆಯ ಬಾಗಿಲ ಹಿಂದೆ, ಅರ್ಧ ನೆರಳಿನಲ್ಲಿದ್ದಳು. ಮದುಮಗಳ ಮುಂದೆ ಬರಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅರ್ಷದ ಕೀಲಿ ತಿರುಗಿಸಿದ. ಎಂಜಿನ್ನು ಕೊಸರಿ ಸುಮ್ಮನಾಯಿತು. ಅವನು ಚೋಕ್ ಪೂರ್ತಿ ಎಳೆದು, ಎಕ್ಸಲರೇಟರನ್ನು ತುಳಿತುಳಿದು ಮತ್ತೆ ಮತ್ತೆ ತಿರುಗಿಸಿದ. ಓಣಿಯಲ್ಲಿ ಪೆಟ್ರೋಲಿನ ವಾಸನೆ ಹರಡಿತು.

"ಹೊಸಾ ಗಾಡಿ ಹೊಡಿಯಾವ್ರ ಹಣೇಬಾರ," ಎಂದ ರಾಜಮಹ್ಮದ. "ಅದಕ್ಕ ಕಂಠಮಟ ಪೆಟ್ರೋಲ್ ಕುಡಿಸಿದಿ. ಬ್ಯಾಟರಿನೂ ಇಳಿಯಾಕತ್ತೈತಿ, ತಿರಗೂದ ಕೇಳು."

"ಮಾಮು, ಟ್ಯಾಕ್ಸಿ ಕರೀತೇನಿ. ಹೊತ್ತಾಗತೈತಿ," ಎಂದ ಅರ್ಷದ ಫೋನು ತೆಗೆಯುತ್ತ.

ಆಫ್ರೀನ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಪ್ರೀತಿ ವೈನಿ ಎಲ್ಲದಾರ? ಸೋಮಣ್ಣ ಈ ಗಾಡಿ ಅವರಿಗೊಬ್ಬರಿಗೇ ಕಲಿಸಿದ್ದ."

ಹೆಂಗಸರು ಬಾಗಿಲ ಕಡೆ ತಿರುಗಿದರು. ಕಾಳವ್ವನ ನಾದಿನಿ ಬೋರವ್ವ ದನಿ ಇಳಿಸಿ, "ಇಕಿನs? ಇಂಥಾ ಹೊತ್ತಿನ್ಯಾಗ? ಒಂದ ರೀತಿ ಐತಿ, ಒಂದ ನೀತಿ ಐತಿ," ಎಂದಳು.

ಕಾಳವ್ವ ಕೈಯಲ್ಲಿದ್ದ ಸೆರಗಿನ ತುದಿಯನ್ನು ಹೆಬ್ಬೆರಳಿನಿಂದ ಹೊಸೆಯುತ್ತಿದ್ದಳು. ಆಮೇಲೆ, "ಬೋರವ್ವಾ, ನಿನಗ ಚೋಕ್ ಎಳ್ಯಾಕ ಬರ್ತೈತೇನ?" ಎಂದಳು.

"ನನಗೆಲ್ಲಿಂದ ಬರಬೇಕು?"

"ಹಂಗಾರ ಬಾಜೂಕ ಸರಿ. ಅಕಿಗೆ ಹಾದಿ ಬಿಡು."

ಪ್ರೀತಿ ಹೊರಗೆ ಬಂದಳು. ಅರ್ಷದ ಇಳಿದು ಮುಂದಿನ ಇನ್ನೊಂದು ಸೀಟಿಗೆ ಹೋದ. ಅವಳು ಕೂತು, ಚೋಕನ್ನು ಒಳಗೆ ತಳ್ಳಿದಳು. ಕೀಲಿ ಮುಟ್ಟಲಿಲ್ಲ. ಕುಳಗೇರಿ ಕ್ರಾಸಿನಲ್ಲಿ ಹೀಗೆಯೇ ನಿಂತಾಗ ಸೋಮಲಿಂಗ ಹೇಳಿದ್ದ: "ಅದರ ಸಿಟ್ಟ ಇಳೀಲಿ. ತಡಿ. ನಮಗೇನ ಅವಸರಿಲ್ಲ." ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ತಡೆದಳು. ಪೆಟ್ರೋಲಿನ ವಾಸನೆ ನಿಧಾನಕ್ಕೆ ಆರಿತು.

ಆಗ ಸೀಟಿನ ಕೆಳಗೆ ಕೈ ಹಾಕಿ ಹಿಡಿಯನ್ನು ಎಳೆದಳು. ಸೀಟು ತುಕ್ಕಿನ ಮೇಲೆ ಕಿರುಗುಟ್ಟಿ, ಒಮ್ಮೆಲೇ ಮುಂದೆ ಬಂತು. ಪಾದ ಪೆಡಲಿನ ಮೇಲೆ ಪೂರ್ತಿ ಕೂತಿತು. ಎಕ್ಸಲರೇಟರನ್ನು ತಳದವರೆಗೆ ಒತ್ತಿ ಹಿಡಿದು ಕೀಲಿ ತಿರುಗಿಸಿದಳು. ಎಂಜಿನ್ನು ಎರಡು ಸಲ ಕೆಮ್ಮಿ ಹೊತ್ತಿತು.

ರಾಜಮಹ್ಮದ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ತೆಗೆದು, ಹಿಂದಿನ ಸೀಟಿಗೆ ಹತ್ತಿ ಕೂತ. ಕಾಳವ್ವ ಕಿಟಕಿಯ ಹತ್ತಿರ ಬಂದು, "ಸೀರಿ ಮುಗೀಲಿಲ್ಲ ಆಫ್ರೀನಾ. ಮುಂದಿನ ಸಲ ತವರಿಗೆ ಬಂದಾಗ ಉಡು," ಎಂದಳು.

ಊರು ದಾಟಿದ ಮೇಲೆ ರಸ್ತೆ ನೆಟ್ಟಗಿತ್ತು. ಹಿಂದೆ ಆಫ್ರೀನ ಅತ್ತು, ಮೂಗೊರೆಸಿಕೊಂಡು, ಆಮೇಲೆ ತಾಯಿಯ ಭುಜಕ್ಕೆ ಒರಗಿದ್ದಳು. ಎಂಜಿನ್ನು ಒಂದೇ ಸಮನೆ ಓಡುತ್ತಿತ್ತು. ಹುನಗುಂದದ ಹತ್ತಿರ ಅಮೀನಗಡದ ರಸ್ತೆಗೆ ತಿರುಗುವಲ್ಲಿ ಪ್ರೀತಿ ವೇಗ ಇಳಿಸಿ ಎಡಗಡೆಯ ಸಿಗ್ನಲ್ ಹಾಕಿದಳು. ದೀಪ ಮಿಣುಕಿತು. ವೈಪರು ಎದ್ದು, ಬಿಸಿಲು ಬಿದ್ದ ಒಣ ಗಾಜನ್ನು ಒಮ್ಮೆ ಒರೆಸಿ, ಮಲಗಿ, ಮತ್ತೆ ಎದ್ದಿತು.

ತಿರುವು ಮುಗಿದ ಮೇಲೂ ಅವಳು ಅದನ್ನು ಸ್ವಲ್ಪ ದೂರ ಹಾಗೆಯೇ ಬಿಟ್ಟಳು.