ಮಾತು ಹಾಕುವವನ ಹೆಂಡತಿ

ಮೂಕಿ ಚಿತ್ರಗಳ ಕಾಲ ಅದು. ತೆರೆಯ ಮೇಲಿನವರು ಬಾಯಾಡಿಸುತ್ತಿದ್ದರೇ ಹೊರತು ಮಾತು ಕೇಳಿಸುತ್ತಿರಲಿಲ್ಲ. ಆ ಕೊರತೆ ತುಂಬಲೆಂದೇ ನಮ್ಮ ಭಾವ ತೆರೆಯ ಪಕ್ಕ ಸ್ಟೂಲಿನ ಮೇಲೆ ನಿಂತು ಎಲ್ಲರ ಮಾತನ್ನೂ ತಾವೇ ಆಡುತ್ತಿದ್ದರು. ರಾಜನಿಗೂ ಅವರೇ, ರಾಣಿಗೂ ಅವರೇ, ಬೊಗಳುವ ನಾಯಿಗೂ ಅವರೇ. ಕೆಳಗೆ ಅಕ್ಕ ಪಿಯಾನೋ ನುಡಿಸುತ್ತಿದ್ದಳು. ನಾನು ಟಿಕೆಟ್ ಕೊಟ್ಟು ಮುಗಿಸಿ ಬಾಗಿಲ ಪರದೆಯ ಬಳಿ ನಿಲ್ಲುತ್ತಿದ್ದೆ.

ಹೊಸ ಪಿಟೀಲಿನವನು ಬಂದ ಮೇಲೆ ಶುರುವಾಯಿತು ರಾಮಾಯಣ. ಗುಂಗುರು ಕೂದಲಿನವನು, ನಗುಮುಖದವನು. ಅಕ್ಕ ಅವನ ಕಡೆ ತಿರುಗಿ ತುಟಿ ಅಲ್ಲಾಡಿಸುವಳು, ಅವನು ತಲೆಯಾಡಿಸುವನು. ಆಡುವ ತುಟಿ ಕಂಡರೆ ಮಾತು ಹಾಕುವುದೇ ಭಾವನ ಕಸುಬು. ಹೆಂಡತಿಯ ತುಟಿಗೂ ಹಾಕಿದರು, ಅದೂ ಪ್ರೇಮದ ಮಾತನ್ನೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

"ಅವನ ಹತ್ರ ಏನೇ ಅದು ಪಿಸಪಿಸ?"

"ತಾಳ ಹೇಳ್ತೀನಿ ಕಣ್ರೀ."

"ಯಾಕೆ, ಅವನಿಗೆ ಕಿವಿ ಇಲ್ವಾ?"

ಅಕ್ಕ ಥಟ್ಟನೆ ಬಾಯಿ ಮುಚ್ಚಿಕೊಂಡಳು. ಮೌನಂ ಸಮ್ಮತಿ ಲಕ್ಷಣಂ ಅಂದುಕೊಂಡರು ಭಾವ. ಅಂದಿನಿಂದ ಮನೆಯಲ್ಲಿ ಚುಚ್ಚುಮಾತು, ಆಟದಲ್ಲೂ ಚುಚ್ಚುಮಾತು.

ಒಂದು ಮಧ್ಯಾಹ್ನ ಅಕ್ಕ ತನ್ನ ಬಟ್ಟೆಯ ಪೆಟ್ಟಿಗೆಯನ್ನು ನನ್ನ ಟಿಕೆಟ್ ಕೋಣೆಗೆ ತಂದಿಟ್ಟಳು. "ಇವತ್ತಿನ ಆಟದಲ್ಲಿ ಇನ್ನೊಂದು ಸಲ ಚುಚ್ಚಲಿ, ಅಮ್ಮನ ಮನೆಗೆ ಹೊರಟೆ. ವಾಪಸ್ ಬರಲ್ಲ."

ನಮ್ಮ ಅಕ್ಕ ಆಡಿದರೆ ಮಾಡುವವಳು.

ಅವತ್ತಿನ ಚಿತ್ರವಾದರೂ ಯಾವುದು? ಗಂಡ ಹೆಂಡತಿಯ ಮೇಲೆ ಅನುಮಾನಪಡುವ ಕಥೆ! ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಬೆತ್ತ ಬೀಸುತ್ತ ಖಳನಾಯಕ ಬಂದದ್ದೇ ತಡ, ಭಾವ ಕೂಗಿದರು: "ನೋಡಿ, ಈ ಪಿಟೀಲಿನ ಪಾಪಿಯನ್ನ!"

"ಪಿಟೀಲೆಲ್ಲಿದೆ ಸ್ವಾಮಿ? ಕೈಲಿರೋದು ಬೆತ್ತ!" ಎಂದ ಮುಂದಿನ ಬೆಂಚಿನವನು.

"ಮನೇಲಿ ಬಿಟ್ಟು ಬಂದಿದ್ದಾನೆ!"

ಜನ ನಕ್ಕರು. ನನಗೆ ಮಾತ್ರ ಪೆಟ್ಟಿಗೆಯದೇ ಚಿಂತೆ. ಅಷ್ಟರಲ್ಲಿ ತೆರೆಯ ಮೇಲಿನ ಹೆಂಡತಿ ಮಂಡಿಯೂರಿ ಏನೋ ಹೇಳತೊಡಗಿದಳು. ಭಾವ ಕೀರಲು ದನಿ ತೆಗೆದರು: "ಹೌದು ಸ್ವಾಮಿ, ನಾನು ಅವನಿಗೆ ಮನಸೋತೆ!"

ಪಿಯಾನೋ ನಿಂತಿತು. ಅಕ್ಕ ಎದ್ದಳು.

"ಅವಳು ಹಾಗನ್ನಲಿಲ್ಲ! ನಾನೂ ಅನ್ನಲಿಲ್ಲ! ನಮ್ಮ ಬಾಯಿಗೆ ಮಾತು ಹಾಕೋಕೆ ನೀವ್ಯಾರ್ರೀ? ನಾನು ಹೇಳ್ತಿದ್ದದ್ದು ಒಂದು, ಎರಡು, ಮೂರು, ನಾಲ್ಕು! ಅಷ್ಟೇ!"

ಇಡೀ ಸಭೆ ತೆಪ್ಪಗಾಯಿತು. ಪಿಟೀಲು ಮಾತ್ರ ನಿಲ್ಲಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ತನ್ಮಯನಾಗಿ ಬಾರಿಸುತ್ತಲೇ ಇದ್ದ. ಪಿಯಾನೋ ನಿಂತದ್ದು, ಅಕ್ಕ ಕಿರುಚಿದ್ದು, ಆಮೇಲೆ ಜನ ಬಿದ್ದು ಬಿದ್ದು ನಕ್ಕದ್ದು, ಒಂದೂ ಅವನಿಗೆ ಕೇಳಿಸಲಿಲ್ಲ. ಕಣ್ಣು ತೆರೆದವನೇ ಎಂದಿನಂತೆ ಅಕ್ಕನ ತುಟಿ ನೋಡುತ್ತ ತಾಳಕ್ಕೆ ಕಾದ.

ಅವನ ಕೆಲಸ ಹೋದೀತೆಂದು ಅಕ್ಕ ಮುಚ್ಚಿಟ್ಟಿದ್ದ ಗುಟ್ಟು ಅದೇ. ಹಿಂದೆ ನಿಂತಿದ್ದ ಚಿತ್ರಮಂದಿರದ ಮಾಲೀಕರು ಕಣ್ಣೊರೆಸಿಕೊಂಡು ನಗುತ್ತ, "ಇರಲಿ ಬಿಡಿ, ಜನರ ಶಿಳ್ಳೆ ಕೇಳಿಸದವನೇ ನಮಗೆ ಬೇಕು" ಅಂದರು.

ತೆರೆಯ ಮೇಲೆ ಗಂಡ ಹೆಂಡತಿಯ ಕಾಲಿಗೆ ಬಿದ್ದಿದ್ದ. ಅವನ ತುಟಿ ಅಲ್ಲಾಡುತ್ತಿತ್ತು. ಭಾವ ತುಟಿಪಿಟಕ್ಕೆನ್ನಲಿಲ್ಲ.

"ಏನಂತಾನೆ, ಹೇಳ್ರೀ!" ಜನ ಕೂಗಿದರು.

ಭಾವ ಸ್ಟೂಲಿನಿಂದ ಇಳಿದು ಪಿಯಾನೋದ ಹತ್ತಿರ ಬಂದರು. "ತಪ್ಪಾಯ್ತು ಅಂತಾನೆ" ಅಂದರು, ತಮ್ಮದೇ ದನಿಯಲ್ಲಿ. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಅಕ್ಕನ ತುಟಿ ಅಲ್ಲಾಡಿತು. ಶಿಳ್ಳೆಯ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ಭಾವ ಬಾಗಿ, ಕಿವಿಗೆ ಕೈ ಹಿಡಿದು, "ಏನಂದೆ?" ಎಂದು ಕೇಳಿದರು. ಮದುವೆಯಾದಾಗಿನಿಂದ ಅವರು ಹಾಗೆ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಂಜೆ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಮನೆಗೆ ನಡೆದವರು ಭಾವ. ದಾರಿಯುದ್ದಕ್ಕೂ ಮಾತಾಡಿದವಳು ಅಕ್ಕ.