ಕೈತೂಕ

ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಕುಣಿದು ಎಪ್ಪತ್ತೊಂದು ಪಾಯಿಂಟ್ ನಾಲ್ಕಕ್ಕೆ ಬಂದು ನಿಂತವು. ಶಿಲ್ಪ ಉಸಿರು ಬಿಡಲಿಲ್ಲ. ಉಸಿರಿಗೂ ತೂಕವಿರಬಹುದೆಂಬ ಅನುಮಾನ ಅವಳಿಗೆ ಐದು ತಿಂಗಳಿಂದ ಇತ್ತು. ಬರಿಗಾಲಿನ ಕೆಳಗೆ ತೂಕದ ಮಿಷನ್ನಿನ ಕಬ್ಬಿಣದ ತಟ್ಟೆ ತಣ್ಣಗಿತ್ತು. ನಿನ್ನೆ ತೂಗಿದ ಕುರಿಗಳ ಹಿಕ್ಕೆ ಒಂದು ಮೂಲೆಯಲ್ಲಿ ಒಣಗಿ ಅಂಟಿಕೊಂಡಿತ್ತು. ಅದನ್ನೂ ಕಾಲ್ಬೆರಳಿನಿಂದ ಕೆಳಗೆ ನೂಕಿ ಮತ್ತೆ ನೋಡಿದಳು. ಅಷ್ಟೇ.

"ಏನ್ರೀ, ಎಪ್ಪತ್ತೆರಡರ ಒಳಗೆ ಬಂದೆ!"

ಕುರಿ ವ್ಯಾಪಾರ ಮಾಡುತ್ತಿದ್ದ ಗಂಡ ಓಬಳೇಶ ದೊಡ್ಡಿಯ ಗೇಟಿನ ಹತ್ತಿರ ಹಲ್ಲುಜ್ಜುತ್ತಿದ್ದ. ಬಾಯಿತುಂಬ ನೊರೆಯಿದ್ದುದರಿಂದ ತಲೆಯನ್ನಷ್ಟೇ ಆಡಿಸಿದ. ಶಿಲ್ಪ ಕುರಿಗೆ ಗುರುತು ಹಾಕುವ ಕೆಂಪು ಬಣ್ಣದ ಡಬ್ಬಿಗೆ ಬೆರಳದ್ದಿ ದೊಡ್ಡಿಯ ಗೋಡೆಯ ಮೇಲೆ ಬರೆದಳು. ಅಲ್ಲಿ ಮೇಲಿಂದ ಕೆಳಕ್ಕೆ ಒಂದು ಸಾಲು ಇಳಿದಿತ್ತು. 77.3ರಿಂದ ಹೊರಟ ಸಾಲು ವಾರಕ್ಕೊಂದು ಮೆಟ್ಟಿಲಿನಂತೆ ಇಳಿಯುತ್ತ ಈಗ ನೆಲಕ್ಕೆ ಒಂದು ಗೇಣು ಮೇಲಿತ್ತು.

ಅವಳ ತಮ್ಮ ಚಂದ್ರಣ್ಣನ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆರಡು ಸಲ ಚಳ್ಳಕೆರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬಂದು, ಮಾರನೆಯ ದಿನವೆಲ್ಲ ಗೋಡೆಗೆ ಒರಗಿ ಕೂತಿರುತ್ತಿದ್ದ. ಅವ್ವನಿಗೆ ಸಕ್ಕರೆ ಕಾಯಿಲೆ. ಹಾಗಾಗಿ ಕಿಡ್ನಿ ಕೊಡಲು ಉಳಿದವಳು ಇವಳೊಬ್ಬಳೇ. ರಕ್ತ ಹೊಂದಿತು, ಉಳಿದ ಪರೀಕ್ಷೆಗಳೂ ಹೊಂದಿದವು. ಬೆಂಗಳೂರಿನ ಆಸ್ಪತ್ರೆಯ ಡಾಕ್ಟರು ಕೊನೆಗೆ ಅವಳನ್ನು ತೂಕಕ್ಕೆ ನಿಲ್ಲಿಸಿದರು. ಎಂಬತ್ತಾರು. "ಎಪ್ಪತ್ತೆರಡಕ್ಕೆ ಇಳಿಸ್ಕೊಂಡು ಬನ್ನಿ ಅಮ್ಮ. ಅಲ್ಲಿವರೆಗೆ ನಾನು ನಿಮ್ಮ ಮೈಗೆ ಕತ್ತಿ ಹಾಕಲ್ಲ," ಎಂದರು. ಓಬಳೇಶ ಒಪ್ಪಿಗೆಯ ಕಾಗದಕ್ಕೆ ಅಲ್ಲೇ ಸಹಿ ಹಾಕಿದ. ಅತ್ತೆಯ ಮುಂದೆ, ಭಾವಮೈದುನನ ಮುಂದೆ, ಪೆನ್ನು ಸ್ವಲ್ಪವೂ ನಡುಗದ ಹಾಗೆ.

ದೊಡ್ಡಉಳ್ಳಾರ್ತಿಯಲ್ಲಿ ನಡೆಯುವುದು ಒಂದು ವಿಷಯವೇ ಅಲ್ಲ. ಅರ್ಧ ಊರು ಬೆಳಗಿನಿಂದ ಸಂಜೆವರೆಗೆ ಕುರಿಯ ಹಿಂದೆ ನಡೆಯುತ್ತದೆ. ಆದರೆ ಕುರಿಯಿಲ್ಲದೆ, ಕೊಡವಿಲ್ಲದೆ, ಬುತ್ತಿಯಿಲ್ಲದೆ, ಕೈಬೀಸಿಕೊಂಡು ಒಬ್ಬಳೇ ನಡೆದು, ಎಲ್ಲಿಗೂ ಹೋಗದೆ ವಾಪಸು ಬರುವ ಹೆಂಗಸನ್ನು ಅದು ನೋಡಿರಲಿಲ್ಲ. ಮೊದಲ ದಿನವೇ ಪಕ್ಕದ ಮನೆಯ ಕ್ಯಾತಮ್ಮ ಅಂಗಳದಿಂದ ಕೂಗಿದಳು:

"ಏನೇ ಶಿಲ್ಪ, ಕುರಿ ಕಳಕೊಂಡೀಯಾ?"

"ಇಲ್ಲ ಕಣಕ್ಕ, ಮೈ ಕಳಕೊಳ್ಳಾಕೆ ಹೊಂಟೀನಿ."

"ಕಳದಿದ್ದು ಸಿಕ್ರೆ ನಂಗೂ ಒಂದಿಷ್ಟು ಕೊಡವ್ವ. ನನ್ನ ಸೊಂಟದಾಗೆ ಏನೂ ಉಳಿದಿಲ್ಲ!"

ಹಿಂದೆ ಊರಿನ ಕುರಿ ಮೇಯುತ್ತಿದ್ದ ಕಾವಲಿನ ಸುತ್ತ ಎದ್ದಿದ್ದ ಸಂಶೋಧನಾ ಸಂಸ್ಥೆಯ ಗೋಡೆಯ ಪಕ್ಕದಲ್ಲೇ ಅವಳ ದಾರಿ. ಗೋಡೆಯಲ್ಲಿ ಹತ್ತು ಹೆಜ್ಜೆಗೊಂದು ಕಂಬ. ಇನ್ನೂರು ಕಂಬ ಹೋಗಿ ಇನ್ನೂರು ಕಂಬ ಬರುವುದೆಂದು ಅವಳೇ ಗೊತ್ತು ಮಾಡಿಕೊಂಡಳು. ಮೊದಲ ಮೂರು ವಾರ ಎಂಬತ್ತನೇ ಕಂಬಕ್ಕೇ ಮಂಡಿ ಉರಿಯುತ್ತಿತ್ತು. ಮುದ್ದೆ ಅರ್ಧ, ಅನ್ನ ಇಲ್ಲ, ಕಾಫಿಗೆ ಸಕ್ಕರೆ ಇಲ್ಲ. ರವಿಕೆ ಮಾತ್ರ ಮೊದಲಿನಷ್ಟೇ ಬಿಗಿ. ಇಪ್ಪತ್ತೆರಡನೇ ದಿನ ಗೋಡೆಗೆ ಬೆನ್ನು ಕೊಟ್ಟು ಕೂತು, ನನ್ನ ಕೈಲಾಗಲ್ಲ ಎಂದು ಜೋರಾಗಿಯೇ ಹೇಳಿಕೊಂಡಳು. ಕೇಳುವವರು ಯಾರೂ ಇರಲಿಲ್ಲ.

ಮನೆಗೆ ಬಂದಾಗ ಓಬಳೇಶ ದೊಡ್ಡಿಯಲ್ಲಿ, ವರಸೆಯಲ್ಲಿ ಮಾವನಾಗಬೇಕಾದ ಚಿಕ್ಕೀರಪ್ಪ ಮಾರಲು ತಂದ ಕುರಿಗಳನ್ನು ತೂಗುತ್ತಿದ್ದ. ಕೊನೆಯ ಕುರಿ ಇಳಿದ ಮೇಲೆ ಅವಳು ಹಾಗೇ, ತಮಾಷೆಗೆ, ತಟ್ಟೆಯ ಮೇಲೆ ನಿಂತಳು. 77.3.

ಮೂರು ವಾರಕ್ಕೆ ಒಂಬತ್ತು ಕೆಜಿ! ಅವಳಿಗೆ ಅಳು ಬಂತು. ಚಿಕ್ಕೀರಪ್ಪ, "ಅಳಿಯಪ್ಪ, ನಿನ್ನ ಹೆಂಡ್ತಿ ಬತ್ತಿ ಹೋಗ್ತಾಳೆ ನೋಡ್ಕಳಪ್ಪ," ಎಂದು ನಕ್ಕ. ಓಬಳೇಶ ಅಂಕಿ ನೋಡಿದ, ಅವಳ ಮುಖ ನೋಡಿದ, ಚಿಕ್ಕೀರಪ್ಪನ ಕಡೆ ನೋಡಿದ. ಆಮೇಲೆ, "ಇಳಿದೀಯ ಬಿಡು," ಎಂದ.

ಅಂದಿನಿಂದ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದ ದಿನವೂ ನೂರು ಕಂಬ ನಡೆದಳು. ಮಲಗುವಾಗ ಎಡಗೈಯನ್ನು ಪಕ್ಕೆಯ ಮೇಲಿಟ್ಟುಕೊಂಡು, ಒಳಗಿರುವುದು ತನ್ನದಲ್ಲ, ತಲುಪಿಸಬೇಕಾದ್ದು ಎಂದುಕೊಳ್ಳುತ್ತಿದ್ದಳು.

ಎಪ್ಪತ್ತೊಂದಕ್ಕೆ ಇಳಿದ ಆ ಬೆಳಿಗ್ಗೆ ಅವಳು ಇನ್ನೂರನೇ ಕಂಬದಲ್ಲಿ ತಿರುಗಲಿಲ್ಲ. ಗೋಡೆ ಮುಗಿಯುವವರೆಗೆ ನಡೆದು, ಆಚೆ ಇದ್ದ ತವರಿನ ಹಟ್ಟಿಗೆ ಹೋದಳು. ಚಂದ್ರಣ್ಣ ಬಿಸಿಲಿಗೆ ಕೂತಿದ್ದ. ಅವ್ವ ಕೆಂಚಕ್ಕ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು.

"ಅವ್ವ, ಎಪ್ಪತ್ತೊಂದು!"

ಕೆಂಚಕ್ಕ ಹತ್ತಿರ ಬಂದು ಮಗಳ ಬೆನ್ನಿಗೆ ಕೈಹಾಕಿದಳು. ಸೊಂಟದ ಮೇಲೆ, ಬೆನ್ನುಮೂಳೆಯ ಎರಡೂ ಕಡೆ, ಹೆಬ್ಬೆರಳು ಅತ್ತ, ನಾಲ್ಕು ಬೆರಳು ಇತ್ತ. ಕುರಿಯನ್ನು ಹಿಡಿದು ನೋಡುವುದು ಹಾಗೆಯೇ. ಹಿಂದೆ ಆ ಕೈಗೆ ಹೆಸರಿತ್ತು. ದೇವಸಮುದ್ರದ ಕಡೆಯಿಂದಲೂ ಜನ ಕುರಿ ಮಾರುವ ಮುಂಚೆ ಕೆಂಚಕ್ಕನ ಹತ್ತಿರ ಹೊಡಕೊಂಡು ಬರುತ್ತಿದ್ದರು. ಅವಳು ಹೇಳಿದ ತೂಕಕ್ಕೆ ಅರ್ಧ ಕೆಜಿ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ.

"ಎಪ್ಪತ್ತೆಂಟು," ಎಂದಳು ಕೆಂಚಕ್ಕ. ತಕ್ಷಣ ಬೆಂಕಿ ತಾಗಿದಂತೆ ಕೈ ತೆಗೆದಳು. "ಅಯ್ಯೋ, ಬಿಡು ಬಿಡು. ನನ್ನ ಕೈ ಕೆಟ್ಟು ಎರಡು ವರ್ಸ ಆತಲ್ಲ."

ಶಿಲ್ಪಳಿಗೆ ಸಿಟ್ಟು ಬಂತು. "ನಿಂಗೆ ನಂಬಿಕೆ ಇಲ್ಲ ಅಷ್ಟೇ. ನಾನು ಉಪಾಸ ಬಿದ್ದು ನಡೆದೀನಿ."

"ನಿನ್ನ ಮ್ಯಾಲೆ ನಂಬಿಕೆ ಐತೆ ಕಣೆ. ಈ ಕೈ ಮ್ಯಾಲೆ ಇಲ್ಲ."

ಎರಡು ವರ್ಷದ ಹಿಂದೆ ಕೆಂಚಕ್ಕ ತನ್ನ ಹನ್ನೊಂದು ಟಗರುಗಳನ್ನು ಅಳಿಯನಿಗೇ ಮಾರಿದ್ದಳು. ಆಗಷ್ಟೇ ಓಬಳೇಶ ಆ ಕರೆಂಟಿನ ತೂಕದ ಮಿಷನ್ನು ತಂದಿದ್ದ. ಮೊದಲ ಟಗರಿಗೆ ಕೆಂಚಕ್ಕನ ಕೈ ಮೂವತ್ತು ಎಂದಿತು. ಮಿಷನ್ನು ಇಪ್ಪತ್ತೇಳೂವರೆ ಎಂದಿತು. ಎರಡನೆಯದು, ಮೂರನೆಯದು, ಹನ್ನೊಂದೂ ಹಾಗೆಯೇ. ಸುತ್ತ ನಿಂತ ಗಂಡಸರು ಮೊದಲು ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿದರು. "ವಯಸ್ಸಾತು ಅತ್ತೆ, ಏನ್ಮಾಡಾಕಾಗುತ್ತೆ," ಎಂದಿದ್ದ ಓಬಳೇಶ, ತುಂಬಾ ಮೆತ್ತಗೆ. ಅಂದಿನಿಂದ ಯಾರು ಬಂದು ಕರೆದರೂ ಅವಳು ಕುರಿಯ ಬೆನ್ನಿಗೆ ಕೈಹಾಕಲಿಲ್ಲ.

ಆಸ್ಪತ್ರೆಯ ದಿನಕ್ಕೆ ಇನ್ನೂ ಹತ್ತು ದಿನವಿತ್ತು. ಗೆದ್ದ ಖುಷಿಗೆ ಶಿಲ್ಪ ಎರಡು ಸಲ ಹೋಳಿಗೆ ತಿಂದಳು. ಮಂಡಿಗೆ ಬಿಡುವು ಕೊಡೋಣವೆಂದು ನಾಲ್ಕು ದಿನ ನೂರು ಕಂಬಕ್ಕೇ ತಿರುಗಿದಳು.

ಬೆಂಗಳೂರಿನಲ್ಲಿ ನರ್ಸು ಅವಳನ್ನು ತೂಕಕ್ಕೆ ನಿಲ್ಲಿಸಿದಳು. 77.8. ಚಪ್ಪಲಿ ಬಿಡಿಸಿ ನಿಲ್ಲಿಸಿದಳು. ಬಳೆ ತೆಗೆಸಿದಳು. ಸೆರಗಿನಲ್ಲಿ ಗಂಟು ಹಾಕಿದ್ದ ಚಿಲ್ಲರೆ ಬಿಚ್ಚಿಸಿದಳು. 77.6. "ಪಕ್ಕದ ರೂಮಿಂದು ನೋಡಿ ಮೇಡಂ," ಎಂದು ಶಿಲ್ಪ ಬೇಡಿಕೊಂಡಳು. ಪಕ್ಕದ ಕೋಣೆಯ ಮಿಷನ್ನೂ ಅದನ್ನೇ ಹೇಳಿತು. ಓಬಳೇಶ ಗೋಡೆಯ ಮೇಲಿನ ಚಿತ್ರವನ್ನು ಗಮನವಿಟ್ಟು ನೋಡುತ್ತಿದ್ದ. ಗರ್ಭಿಣಿಯರು ತಿನ್ನಬೇಕಾದ ಹಣ್ಣುಗಳ ಚಿತ್ರ ಅದು.

ಡಾಕ್ಟರು ಬೈಯಲಿಲ್ಲ. "ಎಂಟು ಕೆಜಿ ಇಳಿಸಿದ್ದೀರಿ, ಸಣ್ಣ ಮಾತಲ್ಲ. ಇನ್ನೂ ಆರು ಬಾಕಿ ಇದೆ. ಮೂರು ತಿಂಗಳು ಬಿಟ್ಟು ಬನ್ನಿ," ಎಂದರು. ಆಮೇಲೆ ಚಂದ್ರಣ್ಣನ ಕೈಯ ರಕ್ತನಾಳ ಒತ್ತಿ ನೋಡಿ, "ಅದಕ್ಕಿಂತ ತಡ ಬೇಡ," ಎಂದರು.

ವಾಪಸು ಬರುವಾಗ ಬಸ್ಸು ಹಿರಿಯೂರು ದಾಟಿದ ಮೇಲೆ ಓಬಳೇಶ, "ಆಸ್ಪತ್ರೆ ಮಿಷನ್ನು ಜಾಸ್ತಿ ತೋರಿಸ್ತಾವೆ. ನೀನು ಬೆಳಿಗ್ಗೆ ದೋಸೆ ಬೇರೆ ತಿಂದೆ," ಎಂದ.

"ಆರು ಕೆಜಿ ದೋಸೆನಾ ಭಾವ?" ಎಂದ ಚಂದ್ರಣ್ಣ. ಆಮೇಲೆ ಅಕ್ಕನ ಕಡೆ ವಾಲಿ, "ಅಳಬ್ಯಾಡ ಕಣಕ್ಕ. ನನ್ನ ಕಿಡ್ನಿ ಇನ್ನೊಂದಿಷ್ಟು ದಿನ ನಿನ್ನ ಹೊಟ್ಟ್ಯಾಗೆ ಬೆಚ್ಚಗಿರ್ಲಿ. ಹೊರಗೆ ಚಳಿ ಐತೆ," ಎಂದ. ಅವನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

ಮಾರನೆಯ ಬೆಳಿಗ್ಗೆ ಶಿಲ್ಪ ನಡೆಯಲು ಹೋಗಲಿಲ್ಲ. ದೊಡ್ಡಿಗೆ ಬಂದು ಮಿಷನ್ನಿನ ಮೇಲೆ ನಿಂತಳು. 71.4. ಇಳಿದು, ಸುಮ್ಮನೆ ಅದನ್ನು ನೋಡುತ್ತ ನಿಂತಳು. ಮೂಲೆಯಲ್ಲಿ ಚಳ್ಳಕೆರೆಯ ಮಿಲ್ಲಿನಿಂದ ಬಂದ ಶೇಂಗಾ ಹಿಂಡಿಯ ಚೀಲಗಳು ಹೊಲಿಗೆ ಬಿಚ್ಚದೆ ಇದ್ದವು. ಮೇಲೆ ನೀಲಿ ಅಕ್ಷರದಲ್ಲಿ ಐವತ್ತು ಕೆಜಿ ಎಂದಿತ್ತು. ಒಂದು ಚೀಲವನ್ನು ತಬ್ಬಿ ಎಳೆದು ತಟ್ಟೆಗೆ ಉರುಳಿಸಿದಳು.

46.0.

ಇನ್ನೊಂದನ್ನು ಎಳೆದಳು. 46.0.

ಮೂರನೆಯದನ್ನು ಎಳೆಯುವಾಗ ಓಬಳೇಶ ಬಾಗಿಲಲ್ಲಿ ನಿಂತಿದ್ದ. ಅವನು ಬಂದು ಎಷ್ಟು ಹೊತ್ತಾಗಿತ್ತೋ.

"ಸೊಂಟ ಹಿಡಕೊಂಡೀತು. ಬಿಡು ಅದನ್ನ."

"ಇದು ಯಾವಾಗಿಂದ ಹಿಂಗೈತೆ?"

"ಯಾವುದು?"

ಶಿಲ್ಪ ಮಿಷನ್ನಿನ ಕಡೆ ಕೈ ತೋರಿಸಲೂ ಇಲ್ಲ. ಅವನನ್ನೇ ನೋಡಿದಳು.

"ಎಲ್ಲಾರೂ ಮಾಡ್ತಾರೆ ಕಣೆ," ಎಂದ ಓಬಳೇಶ ಕೊನೆಗೆ. "ಸಂತೆಯಾಗೆ ಸರಿ ತೂಕ ಇಟ್ಕೊಂಡೋನು ಒಬ್ಬನ್ನ ತೋರಿಸು. ತರೋವಾಗ್ಲೇ ಹಂಗೆ ಮಾಡಿಸ್ಕೊಂಡು ಬಂದಿದ್ದು. ಅದು ಕುರಿಗೆ. ನಿನಗಂತ ಮಾಡಿದ್ದಲ್ಲ."

"ನಾನು ಹತ್ತೋವಾಗ ನೋಡ್ತಿದ್ರಲ್ಲ."

"ಅವತ್ತು ಚಿಕ್ಕೀರಪ್ಪಮಾವ ನಿಂತಿದ್ದ. ಅವನ ಮುಂದೆ ಏನಂತ ಹೇಳ್ಲಿ?"

"ಆಮ್ಯಾಲೆ? ಐದು ತಿಂಗಳು ಯಾರು ನಿಂತಿದ್ರು?"

ಓಬಳೇಶ ಬಗ್ಗಿ ಚೀಲವನ್ನು ತಟ್ಟೆಯಿಂದ ಇಳಿಸತೊಡಗಿದ. "ನೀನು ನಗ್ತಾ ಬರ್ತಿದ್ದೆ. ಅಷ್ಟು ಖುಷಿಯಾಗಿದ್ದೆ. ಹೇಳಿದ್ರೆ ಅವತ್ತೇ ನಡೆಯೋದು ಬಿಟ್ಟುಬಿಡ್ತಿದ್ದೆ ನೀನು."

ಅದು ನಿಜವಿರಬಹುದು ಎಂದು ಅವಳಿಗೆ ಅನ್ನಿಸಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. "ಎಪ್ಪತ್ತೊಂದು ಆತು ಅಂದಾಗ್ಲಾದ್ರೂ ಹೇಳಬೌದಿತ್ತು. ಬೆಂಗಳೂರಿಗೆ ಟಿಕೆಟ್ ಮಾಡ್ಸೋವಾಗ ಹೇಳಬೌದಿತ್ತು. ಚಂದ್ರ ಹೊಸ ಅಂಗಿ ಹಾಕ್ಕೊಂಡು ಬಂದಿದ್ದ."

"ನಾನು ಸೈನ್ ಹಾಕೀನಿ ಶಿಲ್ಪ," ಎಂದ ಓಬಳೇಶ, ಅವಳು ಆ ಮಾತು ಎತ್ತಿಯೇ ಇರಲಿಲ್ಲ. "ಎಲ್ಲಾರ ಎದುರಿಗೆ ಹಾಕೀನಿ. ಬ್ಯಾಡ ಅಂದೀನಾ? ಒಂದು ಸಲನಾದ್ರೂ ಬ್ಯಾಡ ಅಂದೀನಾ?"

ಅವನ ಧ್ವನಿ ಏರಿತು. ಒಳಗೆ ಕಟ್ಟಿದ್ದ ಟಗರೊಂದು ತಲೆಯೆತ್ತಿ ನೋಡಿತು. ಅವನ ಕಣ್ಣಲ್ಲಿ ನೀರು ಬಂದಿದ್ದನ್ನು ಶಿಲ್ಪ ಕಂಡಳು. ಅದು ಯಾತಕ್ಕೆ ಬಂದದ್ದು ಎಂದು ಕೇಳುವ ಮನಸ್ಸಾಗಲಿಲ್ಲ. ಹದಿನೈದು ವರ್ಷ ಅವಳು ಆ ಮುಖದ ಎದುರು ಊಟಕ್ಕೆ ಬಡಿಸಿದ್ದಳು. ಈಗ ಅದು ಸಂತೆಯಲ್ಲಿ ಕಂಡ ಯಾರದೋ ಮುಖದ ಹಾಗೆ, ಗುರುತು ಸಿಕ್ಕಂತೆಯೂ ಸಿಗದಂತೆಯೂ ಇತ್ತು.

ಗೋಡೆಯ ಮೇಲಿನ ಕೆಂಪು ಅಂಕಿಗಳನ್ನು ದಾಟಿ ಅವಳು ಹೊರಗೆ ಬಂದಳು.

"ಎಲ್ಲಿಗೆ?" ಎಂದ.

"ನಡೆಯಾಕೆ."

ಕ್ಯಾತಮ್ಮ ಅಂಗಳದಲ್ಲಿದ್ದಳು. "ಇವತ್ತು ತಡವಾತಲ್ಲೇ. ಏನಂದ್ರು ಬೆಂಗಳೂರಾಗೆ?" ಎಂದು ಕೂಗಿದಳು. ಶಿಲ್ಪ ನಿಲ್ಲಲಿಲ್ಲ. ಬಿಸಿಲು ಏರಿತ್ತು. ಗೋಡೆಯ ನೆರಳು ಗೋಡೆಯ ಬುಡಕ್ಕೇ ಸರಿದಿತ್ತು. ಅವಳು ಕಂಬ ಎಣಿಸಲಿಲ್ಲ. ಇನ್ನೂರನೆಯದು ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಬೆವರು ಕಣ್ಣಿಗಿಳಿದು ಉರಿಯಿತು, ಒರೆಸಿಕೊಳ್ಳಲಿಲ್ಲ.

ಹಟ್ಟಿಯಲ್ಲಿ ಚಂದ್ರಣ್ಣ ಒಳಗೆ ಮಲಗಿದ್ದ. ಕೆಂಚಕ್ಕ ಜಗುಲಿಯ ಮೇಲೆ ಅವರೆ ಸುಲಿಯುತ್ತಿದ್ದಳು. ಶಿಲ್ಪ ಪಕ್ಕದಲ್ಲಿ ಕೂತು, ತಾನೂ ಒಂದು ಹಿಡಿ ತೆಗೆದುಕೊಂಡು ನಾಲ್ಕು ಕಾಯಿ ಸುಲಿದಳು.

"ಅವ್ವ, ಆ ಮಿಷನ್ನಿನ ಮ್ಯಾಲೆ ಹಿಂಡಿ ಚೀಲ ಇಟ್ಟು ನೋಡ್ದೆ."

"ಹ್ಞೂಂ."

"ಐವತ್ತು ಕೆಜಿ ಚೀಲ. ನಲವತ್ತಾರು ತೋರಿಸ್ತು."

ಕೆಂಚಕ್ಕನ ಬೆರಳುಗಳು ಒಂದು ಕಾಯಿಯ ನಡುವೆ ನಿಂತವು. ಒಳಗಿನ ಕಾಳು ಅರ್ಧ ಹೊರಗೆ ಬಂದಿತ್ತು.

"ಎರಡು ಚೀಲ ಇಟ್ಟೆ. ಎರಡೂ ಹಂಗೇ."

ಕೆಂಚಕ್ಕ ಕಾಯಿಯನ್ನು ಮೊರದಲ್ಲಿಟ್ಟು ಬಲಗೈಯನ್ನು ಮಡಿಲಿನ ಮೇಲೆ ಮಗುಚಿ ನೋಡಿದಳು. ಅಂಗೈ ಒಡೆದಿತ್ತು, ಉಗುರಿನ ಸಂದಿಯಲ್ಲಿ ಅವರೆಯ ಹಸಿರು ಹತ್ತಿತ್ತು. ಬೆರಳುಗಳನ್ನು ಒಮ್ಮೆ ಮಡಚಿ ಬಿಚ್ಚಿದಳು.

"ಹನ್ನೊಂದು ಟಗರು," ಎಂದಳು ಮೆಲ್ಲಗೆ. ಕೈಯಿಂದ ಕಣ್ಣು ತೆಗೆಯದೆ, "ಅಳಿಯ ಅಂತ ಅವನ ಮಾತಿಗೆ ತಲೆ ಬಗ್ಗಿಸಿದ್ದೆ," ಎಂದಳು.

ಒಳಗಿನಿಂದ ಚಂದ್ರಣ್ಣನ ಕೆಮ್ಮು ಕೇಳಿಸಿತು. ಇಬ್ಬರೂ ಅತ್ತ ಕಿವಿ ಕೊಟ್ಟರು. ಕೆಮ್ಮು ನಿಂತಿತು.

"ಆರು ಇಳೀಬೇಕವ್ವ. ಮೂರು ತಿಂಗಳಾಗೆ. ದಿನಾ ಇಲ್ಲಿಗೇ ನಡಕೊಂಡು ಬರ್ತೀನಿ. ಇಳಿದೀನೋ ಇಲ್ವೋ ನೀನೇ ಹೇಳ್ಬೇಕು."

ಕೆಂಚಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. ಅಂಗೈ ಒರೆಸಿದಳು, ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿದಳು.

"ತಿರುಗು," ಎಂದಳು.

ಶಿಲ್ಪ ಬೆನ್ನು ತಿರುಗಿಸಿ ಕೂತಳು. ಎದುರಿಗೆ ಕಾವಲಿನ ಗೋಡೆ ಬಿಸಿಲಿನಲ್ಲಿ ಬೆಳ್ಳಗೆ ಉದ್ದಕ್ಕೆ ಬಿದ್ದಿತ್ತು. ಬೆವೆತ ರವಿಕೆಯ ಕೆಳಗೆ, ಬೆನ್ನುಮೂಳೆಯ ಎರಡೂ ಕಡೆ, ಒರಟಾದ ಬೆರಳುಗಳು ಬಂದು ಕೂತವು. ಮೊದಲು ಹಗುರವಾಗಿ, ಆಮೇಲೆ ಗಟ್ಟಿಯಾಗಿ. ಶಿಲ್ಪ ಹಿಡಿದಿದ್ದ ಉಸಿರನ್ನು ಬಿಟ್ಟಳು.